ಹಳೆಯ ಮಾರಿಸ್‌ಗೆ ಯಾವ ನೀರು

ಏಳನೆಯ ಕಂತು

"ರಾಯರೇ, ಆ ನಲ್ಲಿಯಿಂದ ಕೈ ತೆಗೀರಿ."

ಪತ್ತೇದಾರ ವಿಷ್ಣುಮೂರ್ತಿ ಇದನ್ನು ಹೇಳಿದ್ದು ಮೂರನೆಯ ಸಲ. ಮಧ್ವರಾಜರು ಪಂಚೆ ಎತ್ತಿ ಕಟ್ಟಿಕೊಂಡು, ಶೆಡ್ಡಿನಲ್ಲಿ ನಿಂತಿದ್ದ ತಮ್ಮ ಹಳೆಯ ಮಾರಿಸ್ ಕಾರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. ರೇಡಿಯೇಟರಿನ ತಳದಲ್ಲಿದ್ದ ಪುಟ್ಟ ಹಿತ್ತಾಳೆ ನಲ್ಲಿಯ ಮೇಲೆ ಅವರ ಎರಡು ಬೆರಳು, ಮಗ್ಗುಲಲ್ಲಿ ಒಂದು ಹಸಿರು ಡಬ್ಬ. ಮದರಾಸಿನ ನುಂಗಂಬಾಕ್ಕಂನಲ್ಲಿ ಮೂವತ್ತು ವರ್ಷದಿಂದ ಹೋಟೆಲು ನಡೆಸಿ ಹೆಸರು ಮಾಡಿದ ಮನುಷ್ಯ. ಸಾಂಬಾರಿಗೆ ಒಂದು ಚಿಟಿಕೆ ಇಂಗು ಕಡಿಮೆಯಾದರೆ ಗಲ್ಲೆಯಲ್ಲಿ ಕೂತೇ ಹೇಳಬಲ್ಲರು. ಆದರೆ ತಮ್ಮ ಡ್ರೈವರನ ಜೀವ ಈ ರೇಡಿಯೇಟರಿನ ನೀರಿನಲ್ಲಿ ಇರಬಹುದು ಎಂಬ ಮಾತು ಮಾತ್ರ ಅವರ ತಲೆಗೆ ಹತ್ತುತ್ತಿರಲಿಲ್ಲ.

"ಹಳೇ ನೀರು ತೆಗೀದೆ ಹೊಸತು ಹಾಕುದು ಹೇಗೆ ಮಾರಾಯ್ರೇ? ಸೋಮವಾರ ವಡಪಳನಿಯಲ್ಲಿ ಸಿನೆಮಾ ಶೂಟಿಂಗಿಗೆ ಈ ಗಾಡಿ ಬೇಕಂತೆ. ಗಾಡಿ ಅರ್ಧದಲ್ಲಿ ಕುದಿ ಬಂದು ನಿಂತ್ರೆ ನನ್ನ ಮರ್ಯಾದೆ ಎಂತ ಆಗ್ಬೇಕು?"

"ನಾಳೆ ಹತ್ತು ಗಂಟೆಗೆ ಹರಿದಾಸನನ್ನು ಮತ್ತೆ ಕೋರ್ಟಿಗೆ ಹಾಜರು ಮಾಡ್ತಾರೆ. ಅವನ ಮರ್ಯಾದೆ?"

ಮಧ್ವರಾಜರು ಹೆಗಲ ಮೇಲಿನ ವಸ್ತ್ರದಿಂದ ಡಬ್ಬವನ್ನು ಒರೆಸಿದರು.

ಮಂಗಳವಾರ ಬೆಳಗಿನ ಜಾವ, ಸ್ಟುಡಿಯೋದ ರಾತ್ರಿ ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಗಿಂಡಿಯಲ್ಲಿನ ಮನೆಗೆ ಹೊರಟಿದ್ದ ಬಡಗಿ ಬಾಬುವಿಗೆ ಯಾವುದೋ ಗಾಡಿ ಗುದ್ದಿತ್ತು. ಅವನನ್ನು ಆಸ್ಪತ್ರೆಯ ಗೇಟಿನಲ್ಲಿ ಇಳಿಸಿ ಮಾಯವಾದದ್ದು ಈ ಮಾರಿಸ್. ಗುದ್ದಿದ್ದೂ ಇದೇ, ಓಡಿಸಿದವನು ಡ್ರೈವರ್ ಹರಿದಾಸನೇ ಎಂದು ಪೊಲೀಸರು ಗಾಡಿಯನ್ನು ಶೆಡ್ಡಿನಲ್ಲೇ ಬಿಟ್ಟು ಅವನನ್ನು ಒಳಗೆ ಹಾಕಿದ್ದರು. ಬಾಬುವಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ. ಅವನು ಕಣ್ಣು ಬಿಡದೆಯೇ ಹೋದರೆ ಹರಿದಾಸನನ್ನು ಆ ದೇವರೂ ಬಿಡಿಸಲಾರ.

ಹರಿದಾಸನ ಹೆಂಡತಿ ಸೀತಾ ಬಂದು ಕೈಮುಗಿದಾಗ ವಿಷ್ಣುಮೂರ್ತಿ ಈ ಕೇಸು ಹಿಡಿದಿದ್ದ. ಇನ್ಶೂರೆನ್ಸ್ ಕಂಪನಿಯಲ್ಲಿ ಹನ್ನೆರಡು ವರ್ಷ ಜಖಂಗೊಂಡ ವಾಹನಗಳ ಅಡಿ ತೂರಿ, ಸುಳ್ಳು ಕ್ಲೇಮುಗಳನ್ನು ಹಿಡಿದು, ಕೊನೆಗೆ ಬೇಸತ್ತು ಸ್ವಂತ ಪತ್ತೇದಾರಿಗೆ ಇಳಿದವನು ಅವನು. ಮೂರು ದಿನದಲ್ಲಿ ಅವನಿಗೆ ದಕ್ಕಿದ್ದು ಎರಡೇ ಎರಡು ಸಂಗತಿ. ಒಂದು, ಕಾರು ಓಡಿಸಿದವರ ತಲೆಯ ಮೇಲೆ ಕೆಂಪು ಬಟ್ಟೆ ಇತ್ತೆಂದು ಆಸ್ಪತ್ರೆಯ ಕಾವಲುಗಾರ ಹೇಳಿದ್ದು. ಅದು ಹರಿದಾಸನ ಕೆಂಪು ಟವೆಲ್ಲು ಎಂದು ಪೊಲೀಸರು ಅಲ್ಲಿಗೇ ಮುಗಿಸಿದ್ದರು. ಎರಡು, ಡ್ರೈವರ್ ಸೀಟಿನ ಚರ್ಮದ ಹೊಲಿಗೆಯಲ್ಲಿ ಸಿಕ್ಕಿಕೊಂಡಿದ್ದ ಒಂದು ಎಳೆ ಕೆಂಪು ಉಣ್ಣೆ.

ಮದರಾಸಿನ ಮೇ ತಿಂಗಳಲ್ಲಿ ಉಣ್ಣೆ ತೊಡುವ ಪುಣ್ಯಾತ್ಮ ಯಾರು? ವಿದೇಶಿಯೇ ಇರಬೇಕೆಂದು ವಿಷ್ಣುಮೂರ್ತಿ ಎರಡು ದಿನ ಕಾನ್ಸುಲೇಟುಗಳ ಗೇಟು ಕಾದು, ದರವಾನರ ಕೈಯಲ್ಲಿ ಬೈಸಿಕೊಂಡು, ಬಿಸಿಲಿಗೆ ಮೂಗಿನ ಸಿಪ್ಪೆ ಸುಲಿಸಿಕೊಂಡಿದ್ದ. ಇವತ್ತು ಬೆಳಿಗ್ಗೆ ಲಾಕಪ್ಪಿನ ಸರಳಿನಾಚೆಯಿಂದ ಹರಿದಾಸ ಹೇಳಿದ ಒಂದು ಮಾತು ಅವನನ್ನು ಸೀದಾ ಈ ಶೆಡ್ಡಿಗೆ ಎಳೆದು ತಂದಿತ್ತು.

ಆ ಮಾತು ಹೀಗಿತ್ತು. ಸೋಮವಾರ ಸಂಜೆ ಹರಿದಾಸ ರೇಡಿಯೇಟರಿನ ತುಕ್ಕು ನೀರನ್ನೆಲ್ಲ ಹೊರಗೆ ಬಿಟ್ಟಿದ್ದ. ಹೊಸದಾಗಿ ಏನು ಹಾಕುವುದೆಂದು ಅಪ್ಪ, ಮಗ, ಡ್ರೈವರು ಮೂವರಿಗೂ ದೊಡ್ಡ ಜಗಳವಾಯಿತು. ತೀರ್ಮಾನವಾಗಲಿಲ್ಲ. ಬೇಸತ್ತ ಹರಿದಾಸ ಹೆಸರಿಗೆ ಅರ್ಧದಷ್ಟು ಕೊಳಾಯಿ ನೀರು ಸುರಿದು ಮನೆಗೆ ಹೋದ. ಮರುದಿನ ಜಾವಕ್ಕೇ ಎದ್ದು ಗಿಂಡಿಯ ಕೈಗಾರಿಕಾ ಎಸ್ಟೇಟಿಗೆ ಹೋಗಿ, ಒಂದು ಲೇತ್ ಶಾಪಿನ ಬಾಗಿಲು ತೆರೆಯುವುದನ್ನೇ ಕಾಯುತ್ತ ಒಬ್ಬನೇ ಕೂತಿದ್ದ. ಅಲ್ಲಿ ಕಬ್ಬಿಣ ಕೊರೆಯುವಾಗ ಹೊಯ್ಯುವ ಕಟಿಂಗ್ ಆಯಿಲ್ ಒಂದಿಷ್ಟು ಬೆರೆಸಿದರೆ ಇಂಜಿನ್ನಿನ ಒಳಗೆ ತುಕ್ಕು ಹಿಡಿಯುವುದಿಲ್ಲ ಎಂಬುದು ಅವನ ವಾದ. ಅವನನ್ನು ಅಲ್ಲಿ ಕಂಡವರು ಯಾರೂ ಇರಲಿಲ್ಲ.

"ರಾಯರೇ, ಕೊನೇ ಸಲ ಕೇಳ್ತೇನೆ. ಮಂಗಳವಾರದಿಂದ ಈಚೆಗೆ ಇದಕ್ಕೆ ಯಾರಾದರೂ ನೀರು ಹಾಕಿದ್ದಾರಾ?"

"ಯಾರು ಹಾಕ್ತಾರೆ? ಯಾವ ನೀರು ಅಂತಲೇ ತೀರ್ಮಾನ ಆಗ್ಲಿಲ್ಲ ಅಲ್ವಾ."

ಅಲ್ಲಿಂದ ಮತ್ತೆ ಶುರುವಾಯಿತು. ಹರಿದಾಸನ ಎಣ್ಣೆ ಬೆರೆತ ನೀರು ಹಾಲಿನ ಹಾಗೆ ಬೆಳ್ಳಗಿರುತ್ತದೆ, ಅದನ್ನು ನೋಡಿದರೇ ತಮಗೆ ಹೇಸಿಗೆ ಎಂದರು ಮಧ್ವರಾಜರು. ನುಂಗಂಬಾಕ್ಕಂ ಬಾವಿಯ ನೀರು ಉಪ್ಪು, ಅದು ಇಂಜಿನ್ನಿನ ಒಳಗೆ ಬೇಳೆ ಬೇಯಿಸುವ ಪಾತ್ರೆಯ ತಳದ ಹಾಗೆ ಸುಣ್ಣ ಕಟ್ಟುತ್ತದೆ. ಕೊಳಾಯಿ ನೀರಿನ ಮೇಲೆ ಅವರಿಗೆ ನಂಬಿಕೆಯಿಲ್ಲ. ಮಳೆ ನೀರು ಆದೀತು, ಆದರೆ ಮೇ ತಿಂಗಳಲ್ಲಿ ಮಳೆ ಎಲ್ಲಿಂದ ಬರಬೇಕು.

ಗಿಂಡಿಯ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದುವ ಮಗ ಕೃಷ್ಣರಾಜ ಗೋಡೆಗೆ ಒರಗಿ ನಿಂತಿದ್ದವನು, ಸುಮ್ಮನಿರಲಾರದೆ, ತಾನು ಆಗಲೇ ಹೇಳಿದ್ದೆ ಎಂದು ಅರೆ ತಮಿಳಿನಲ್ಲಿ ಬಾಯಿ ಹಾಕಿದ. "ಅಪ್ಪಾ, ನಾನ್ ಅಪ್ಪವೇ ಸೊನ್ನೇನ್. ಡಿಸ್ಟಿಲ್ಡ್ ವಾಟರ್ ಒಂದೇ ಕರೆಕ್ಟ್. ನಮ್ಮ ಲ್ಯಾಬಿಂದ ತರ್ತೇನೆ."

"ಬ್ಯಾಟರಿಗೆ ಹಾಕುವ ನೀರನ್ನು ಇಂಜಿನ್ನಿಗೆ ಹಾಕ್ಲಿಕ್ಕೆ ಇವನಿಗೆ ಅಷ್ಟು ಫೀಸು ಕಟ್ಟಿದ್ದೇನೆ, ಕೇಳಿ," ಎಂದರು ಮಧ್ವರಾಜರು. ಆಮೇಲೆ ಹಸಿರು ಡಬ್ಬವನ್ನು ಕೂಸಿನ ಹಾಗೆ ಎತ್ತಿಕೊಂಡರು. "ಇದು ಫಾರಿನ್ನಿನದ್ದು. ಇದನ್ನು ಹಾಕಿದ್ರೆ ನೀರು ಹೆಪ್ಪುಗಟ್ಟುದಿಲ್ಲವಂತೆ."

ಮಜ್ಜಿಗೆ ತಾನಾಗಿ ಕುದಿಯುವ ಮದರಾಸಿನ ಬೇಸಗೆಯಲ್ಲಿ ನೀರು ಹೆಪ್ಪುಗಟ್ಟುವ ಭಯ! ವಿಷ್ಣುಮೂರ್ತಿಗೆ ಗೋಡೆಗೆ ಹಣೆ ಚಚ್ಚಿಕೊಳ್ಳೋಣ ಎನ್ನಿಸಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಯಾರು ಕೊಟ್ಟದ್ದು ಇದನ್ನು ಎಂದು ಕೇಳಿದ.

"ಒಬ್ಬರು ದೊಡ್ಡ ಮನುಷ್ಯರು ಪ್ರೀತಿಯಿಂದ ಕೊಟ್ಟದ್ದು. ಹಳೇ ನೀರನ್ನು ಒಂದು ತೊಟ್ಟೂ ಬಿಡದೆ ತೆಗೆದು, ಎರಡು ಸಲ ತೊಳೆದು, ಆಮೇಲೆ ಹಾಕ್ಬೇಕಂತೆ. ಹೆಸರು ಹೇಳ್ಬಾರ್ದು ಅಂದಿದ್ದಾರೆ. ಫಾರಿನ್ ಸಾಮಾನು ನೋಡಿ, ಕಸ್ಟಮ್ಸಿನವರ ಉಪದ್ರ."

ಇವರ ಹತ್ತಿರ ಮಾತು ಬೆಳೆಸುವುದು ಕೋಣನ ಮುಂದೆ ಕಿನ್ನರಿ ಬಾರಿಸಿದಂತೆಯೇ ಎಂದುಕೊಂಡು ವಿಷ್ಣುಮೂರ್ತಿ ಟವೆಲ್ಲು ಸುತ್ತಿ ರೇಡಿಯೇಟರಿನ ಮುಚ್ಚಳ ತಿರುಗಿಸಿದ.

ನೀರು ಕತ್ತಿನ ಹತ್ತಿರದವರೆಗೂ ಇತ್ತು.

ಅವನು ಬಗ್ಗಿದವನು ಹಾಗೆಯೇ ನಿಂತ. ಹರಿದಾಸ ಅರ್ಧ ಬಿಟ್ಟು ಹೋದ ನೀರು ಈಗ ತುಂಬಿದೆ. ತುಂಬಿಸಿದವನು ಹರಿದಾಸನೇ ಆಗಿದ್ದರೆ ಅದು ಹಾಲಿನಂತೆ ಬೆಳ್ಳಗಿರಬೇಕಿತ್ತು. ಇದು ತಿಳಿಯಾಗಿದೆ. ಬೆರಳು ಅದ್ದಿ ಮೂಸಿದ. ಕಬ್ಬಿಣದ ವಾಸನೆಯ ನಡುವೆ, ಇದೆಯೋ ಇಲ್ಲವೋ ಎಂಬಷ್ಟು ಪಚ್ಚಕರ್ಪೂರದ ಪರಿಮಳ. ಕತ್ತಿನ ಜಾಲರಿಯಲ್ಲಿ ಕಪ್ಪಗೆ ಏನೋ ಅಂಟಿಕೊಂಡಿತ್ತು. ಚಿಮುಟದಿಂದ ಎತ್ತಿ ಅಂಗೈಯಲ್ಲಿ ಬಿಡಿಸಿದ. ಎರಡು ಎಲೆ, ಒಂದು ಕುಡಿ. ಬೆಂದು ಬಣ್ಣ ಕಳೆದುಕೊಂಡಿದ್ದರೂ ತುಳಸಿ ತುಳಸಿಯೇ.

ಸಾಕ್ಷ್ಯ ಎಂದರೆ ಪೊಲೀಸರ ಕಣ್ಣೆದುರೇ ಮೊಹರು ಬೀಳಬೇಕು. ಇಲ್ಲದಿದ್ದರೆ ನಾಳೆ ಕೋರ್ಟಿನಲ್ಲಿ ಯಾರೂ ಮೂಸುವುದಿಲ್ಲ. ಇನ್ಶೂರೆನ್ಸ್ ಕಂಪನಿ ಅವನಿಗೆ ಕಲಿಸಿದ್ದ ಪಾಠ ಅದು. ಕೇಸಿನ ಇನ್‌ಸ್ಪೆಕ್ಟರ್ ಏಕಾಂಬರಂ ಅವರಿಗೆ ಫೋನು ಮಾಡಿ ತಕ್ಷಣ ಬರಲು ಹೇಳು ಎಂದು ಕೃಷ್ಣರಾಜನನ್ನು ಹೋಟೆಲಿಗೆ ಅಟ್ಟಿದ. ತಾನು ಒಂದು ಗಾಜಿನ ಬಾಟಲಿ ತೊಳೆದು, ಮುನ್ನೆಚ್ಚರಿಕೆಗೆಂದು ರೇಡಿಯೇಟರಿನ ಒಂದಿಷ್ಟು ನೀರನ್ನು ಅದಕ್ಕೆ ಹಿಡಿದು, ತುಳಸಿಯನ್ನು ಕಾಗದದಲ್ಲಿ ಮಡಿಸಿ ಜೇಬಿಗೆ ಹಾಕಿಕೊಂಡ.

"ನಿಮ್ಮ ಮಗನಿಗೆ ಗಾಡಿ ಬಿಡ್ಲಿಕ್ಕೆ ಬರ್ತದಲ್ಲ ರಾಯರೇ?"

ಮಧ್ವರಾಜರ ಮುಖ ಕೆಂಪಾಯಿತು. ಮಗ ಸೋಮವಾರ ರಾತ್ರಿಯೇ ಹಾಸ್ಟೆಲಿಗೆ ಹೋಗಿದ್ದ, ನಲವತ್ತು ಜನ ಸಾಕ್ಷಿ ಇದ್ದಾರೆ, ತಾವು ಐದು ಗಂಟೆಯಿಂದ ಹೋಟೆಲಿನ ಗಲ್ಲೆಯಲ್ಲಿ ಕೂತಿದ್ದಕ್ಕೆ ಅರ್ಧ ನುಂಗಂಬಾಕ್ಕಮ್ಮೇ ಸಾಕ್ಷಿ ಎಂದು ಹಾರಾಡಿದರು.

ವಿಷ್ಣುಮೂರ್ತಿಯ ಲೆಕ್ಕಕ್ಕೂ ಅದು ಹೊಂದುತ್ತಿರಲಿಲ್ಲ. ತುಳಸಿ, ಪಚ್ಚಕರ್ಪೂರ ಎರಡೂ ಇರುವ ನೀರು ಎಂದರೆ ದೇವರ ಮನೆಯ ತೀರ್ಥ. ಈ ಮನೆಯಲ್ಲಿ ಆ ನೀರಿಗೆ ಕೈ ಹಾಕುವವರು ಒಬ್ಬರೇ, ಮಧ್ವರಾಜರ ತಾಯಿ ಅಂಬುಜಮ್ಮ. ಸ್ನಾನವಿಲ್ಲದ ಯಾರಾದರೂ ಆ ಪಾತ್ರೆ ಮುಟ್ಟಿದ್ದರೆ ಅಂದೇ ಬೀದಿಗೆಲ್ಲ ಕೇಳುವಂತೆ ರಾದ್ಧಾಂತವಾಗುತ್ತಿತ್ತು. ಆಗಿಲ್ಲ. ಅಂದರೆ ಮುಟ್ಟಿದವರು ಮಡಿಯಲ್ಲಿದ್ದರು. ಮಡಿಯಲ್ಲಿರುವವರು ಚರ್ಮದ ಸೀಟಿನ ಮೇಲೆ ಕೂರುವುದುಂಟೇ? ಕೂರಲೇಬೇಕಾಗಿ ಬಂದರೆ ಮೈಮೇಲೆ...

ಉಣ್ಣೆ. ಮಡಿಗೆ ಉಡುವ ಉಣ್ಣೆಯ ಸೀರೆ, ಧಾಬಳಿ. ಉಣ್ಣೆಗೆ ಮೈಲಿಗೆಯಿಲ್ಲ.

ಅವನು ಮಾರಿಸ್‌ನ ಫುಟ್‌ಬೋರ್ಡಿನ ಮೇಲೆ ಕೂತ. ತನ್ನ ಹೆತ್ತ ತಾಯಿ ನಲವತ್ತು ವರ್ಷ ಕೆಂಪು ಧಾಬಳಿ ಉಟ್ಟು ಅಡುಗೆ ಮಾಡಿ ಬಡಿಸಿದ್ದಳು. ಆ ಕೈ ತುತ್ತು ಉಂಡು ಬೆಳೆದವನು, ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ಕೋಟು ತೊಟ್ಟ ದೊರೆಗಳನ್ನು ಹುಡುಕಿಕೊಂಡು ಹೋಗಿದ್ದ. ತನ್ನ ಮೇಲೆಯೇ ಬಂದ ಸಿಟ್ಟಿಗೆ ಏನು ಮಾಡಬೇಕೋ ತಿಳಿಯದೆ ಮೂಗಿನ ಸಿಪ್ಪೆ ಕಿತ್ತುಕೊಂಡ.

ಅಷ್ಟರಲ್ಲಿ ಹಿತ್ತಿಲ ಬಾಗಿಲು ಕಿರುಗುಟ್ಟಿತು. ಎಪ್ಪತ್ತರ ಹತ್ತಿರದ ಅಂಬುಜಮ್ಮ, ತಲೆಯ ಮೇಲೆ ಕೆಂಪು ಸೆರಗು, ಬೆತ್ತದಂಥ ನೆಟ್ಟನೆ ಮೈ, ಹೊಸ್ತಿಲಿನ ಆಚೆಯೇ ನಿಂತು ಕೇಳಿದರು.

"ಎಂತ ಗಲಾಟೆ ಅದು? ಹರಿದಾಸ ಊರಿಂದ ಬಂದನಾ?"

ವಿಷ್ಣುಮೂರ್ತಿ ನಿಧಾನಕ್ಕೆ ಮಧ್ವರಾಜರ ಕಡೆ ತಿರುಗಿದ. ಮಧ್ವರಾಜರು ಹಸಿರು ಡಬ್ಬದ ಮೇಲಿನ ಅಕ್ಷರಗಳನ್ನು ಓದತೊಡಗಿದ್ದರು. ಇಂಗ್ಲಿಷ್ ಅಕ್ಷರಗಳು ತಲೆಕೆಳಗಾಗಿದ್ದವು.

"ಅಮ್ಮ, ಹರಿದಾಸ ಯಾವ ಊರಿಗೂ ಹೋಗಿಲ್ಲ. ಮೂರು ದಿನದಿಂದ ಲಾಕಪ್ಪಿನಲ್ಲಿದ್ದಾನೆ. ಈ ಗಾಡಿ ಓಡಿಸಿ ಒಬ್ಬನಿಗೆ ಗುದ್ದಿದ ಅಂತ."

ಅಂಬುಜಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಅವರ ಕಣ್ಣು ಮಗನ ಮೇಲೆ ನಿಂತಿತು. ಅಮ್ಮನಿಗೆ ಹರಿದಾಸನೆಂದರೆ ಪ್ರಾಣ, ಗೊತ್ತಾದರೆ ಊಟ ಬಿಡುತ್ತಾರೆ, ಹೇಗೂ ನಾಲ್ಕು ದಿನದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಮಧ್ವರಾಜರು ಗೊಣಗಿದರು. ಇಷ್ಟು ದೊಡ್ಡ ಮನುಷ್ಯ ಇಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ವಿಷ್ಣುಮೂರ್ತಿ ಕೇಳಿದ್ದು ಅದೇ ಮೊದಲು.

"ಅವನಲ್ಲ ಓಡಿಸಿದ್ದು," ಎಂದರು ಅಂಬುಜಮ್ಮ. "ನಾನು."

ಡಬ್ಬ ಮಧ್ವರಾಜರ ಕೈಯಿಂದ ಜಾರಿ ಮಣ್ಣಿನ ಮೇಲೆ ಬಿತ್ತು.

"ಅಮ್ಮಾ, ನಿಮಗೆ ಗಾಡಿ..."

"ನಿನ್ನ ಅಪ್ಪ ಕಲಿಸಿದ್ದರು. ಗಿಂಡಿಯ ಕುದುರೆ ಜೂಜಿನ ಮೈದಾನದ ಹಿಂದಿನ ರಸ್ತೆಯಲ್ಲಿ. ನೀನಾಗ ಊರಲ್ಲಿ ಅಜ್ಜಿ ಮನೆಯಲ್ಲಿದ್ದೆ. ಸ್ಟಾರ್ಟ್ ಮಾಡುವ ಹ್ಯಾಂಡಲ್ ತಿರುಗಿಸುದು ರುಬ್ಬುವ ಕಲ್ಲಿಗಿಂತ ಹಗುರ."

ಮುಂದಿನದನ್ನು ಅವರು ಅಡುಗೆಯ ಕ್ರಮ ಹೇಳಿದ ಹಾಗೆ ಒಂದೊಂದಾಗಿ ಹೇಳಿದರು. ಮಂಗಳವಾರ ಸಾಧನ ದ್ವಾದಶಿ. ಸೂರ್ಯ ಹುಟ್ಟಿ ಸ್ವಲ್ಪ ಹೊತ್ತಿಗೇ ದ್ವಾದಶಿ ಮುಗಿಯುತ್ತದೆ, ಅಷ್ಟರೊಳಗೆ ಏಕಾದಶಿಯ ಉಪವಾಸ ಬಿಡಬೇಕು. ಗಿಂಡಿಯಲ್ಲಿ ಹಾಸಿಗೆ ಹಿಡಿದಿರುವ ಅಕ್ಕ ಅಮ್ಮಣ್ಣಿ ಈ ಮನೆಯ ಸಾಲಿಗ್ರಾಮದ ತೀರ್ಥವಿಲ್ಲದೆ ಪಾರಣೆ ಮಾಡುವವಳಲ್ಲ, ಕೊಳಾಯಿ ನೀರನ್ನು ಮುಟ್ಟುವವಳೂ ಅಲ್ಲ. ಪ್ರತಿ ದ್ವಾದಶಿಗೂ ಹರಿದಾಸ ಅಂಬುಜಮ್ಮನನ್ನು ಕಾರಿನಲ್ಲಿ ಕರೆದೊಯ್ಯುತ್ತಿದ್ದ. ಅಂದು ಅವನು, ಎಣ್ಣೆಯ ಗುಂಗಿನಲ್ಲಿ ಮರೆತನೋ ಏನೋ, ಬರಲಿಲ್ಲ. ಗಡಿಯಾರ ಕಾಯಲಿಲ್ಲ. ಅಂಬುಜಮ್ಮ ಧಾಬಳಿ ಉಟ್ಟು, ಒಂದು ಪುಟ್ಟ ಕೊಡ ಬಾವಿಯ ಮಡಿ ನೀರು, ಒಂದು ತಂಬಿಗೆ ತೀರ್ಥ ಪಕ್ಕದಲ್ಲಿಟ್ಟುಕೊಂಡು ತಾವೇ ಹೊರಟರು.

ಸೈದಾಪೇಟೆ ಸೇತುವೆ ದಾಟುವಾಗಲೇ ಗಾಡಿಯ ಮೂತಿಯಿಂದ ಹಬೆ ಏಳತೊಡಗಿತ್ತು. ಏಳದೆ ಏನು ಮಾಡುತ್ತದೆ, ಯಾವ ನೀರು ಶ್ರೇಷ್ಠ ಎಂಬ ಚರ್ಚೆಯಲ್ಲಿ ಮೂವರು ಗಂಡಸರು ಅರ್ಧ ನೀರನ್ನೇ ಬಿಟ್ಟಿದ್ದರಲ್ಲ. ಇನ್ನೊಂದು ಫರ್ಲಾಂಗು ಹೋಗುವಷ್ಟರಲ್ಲಿ, ಮುಂದೆ ಒಂದು ಜೀಪು ಸೈಕಲ್ಲಿಗೆ ಬಡಿದದ್ದನ್ನು ಅವರು ಕಣ್ಣಾರೆ ಕಂಡರು. ಜೀಪಿನಿಂದ ಇಳಿದವನು ಬಿದ್ದವನನ್ನು ನೋಡಿದ. ತಲೆಯೆತ್ತಿ ಇವರನ್ನೂ ನೋಡಿದ. ಆಮೇಲೆ ಜೀಪು ಹತ್ತಿ ಹೊರಟುಹೋದ.

"ಗಾಡಿ ಅಲ್ಲಿಗೇ ನಿಂತಿತು. ಅವನ ತಲೆಯಿಂದ ರಕ್ತ ಹೋಗ್ತಾ ಉಂಟು. ಕುದಿ ಸ್ವಲ್ಪ ಇಳಿಯಲಿ ಅಂತ ಕಾದು, ಆಮೇಲೆ ಕೊಡದ ನೀರು ಹಾಕಿದೆ. ಸಾಲಲಿಲ್ಲ." ಅಂಬುಜಮ್ಮ ಸೆರಗನ್ನು ಮುಂದಕ್ಕೆ ಎಳೆದುಕೊಂಡರು. "ತಂಬಿಗೆಯದ್ದನ್ನೂ ಹಾಕಿದೆ ಮಗಾ. ಅಲ್ಲಿಯವರೆಗೆ ಮಡಿಯಲ್ಲೇ ಇದ್ದೆ. ಆಮೇಲೆ ಅವನನ್ನು ಮುಟ್ಟಿದೆ. ಭುಜ ಕೊಟ್ಟೆ, ಅವನೇ ತೆವಳಿ ಹತ್ತಿದ, ಹತ್ತಿದ ಮೇಲೆ ಪ್ರಜ್ಞೆ ತಪ್ಪಿತು. ಅಕ್ಕ ಆ ದಿನವೂ ಉಪವಾಸ."

ವಿಷ್ಣುಮೂರ್ತಿಗೆ ಮೂರು ದಿನದಿಂದ ಇದ್ದ ಕಿರಿಕಿರಿಯೆಲ್ಲ ಒಂದೇ ಸಲ ಇಳಿದು, ಆ ಮುದುಕಿಯ ಕಾಲಿಗೆ ಬೀಳೋಣ ಎನ್ನಿಸಿತು. ಮನೆಯವರಿಗೆ ಯಾಕೆ ಹೇಳಲಿಲ್ಲ ಎಂದು ಮೆಲ್ಲಗೆ ಕೇಳಿದ.

"ಗಂಡ ಸತ್ತ ಮುದುಕಿ ಗಾಡಿ ಓಡಿಸಿದಳು, ತೀರ್ಥವನ್ನು ಇಂಜಿನ್ನಿಗೆ ಹೊಯ್ದಳು ಅಂತ ಯಾರ ಹತ್ತಿರ ಹೇಳ್ಲಿ? ಆ ಮನುಷ್ಯ ಬದುಕಿದರೆ ಸಾಕು ಅಂದ್ಕೊಂಡೆ. ಹರಿದಾಸನ ತಲೆಗೆ ಬಂತು ಅಂತ ಗೊತ್ತಿದ್ದರೆ ಅವತ್ತೇ ಠಾಣೆಯ ಮೆಟ್ಟಿಲು ಹತ್ತುತ್ತಿದ್ದೆ. ಈಗ ನಡಿ, ಹೋಗುವ."

ಹರಿದಾಸ ಬಚಾವಾದ. ಬಾಟಲಿಯ ನೀರಿದೆ, ತುಳಸಿಯಿದೆ, ಉಣ್ಣೆಯ ಎಳೆಯಿದೆ, ಎಲ್ಲಕ್ಕೂ ಮಿಗಿಲಾಗಿ ಕಣ್ಣಾರೆ ಕಂಡ ಸಾಕ್ಷಿಯಿದ್ದಾರೆ. ಉಳಿದದ್ದು ಒಂದೇ ಪ್ರಶ್ನೆ. ಜೀಪಿನವನನ್ನು ಮತ್ತೆ ಕಂಡರೆ ಗುರುತು ಹಿಡಿಯುತ್ತೀರಾ ಎಂದು ವಿಷ್ಣುಮೂರ್ತಿ ಕೇಳಿದ.

"ಮತ್ತೆ ಕಂಡಾಯಿತಲ್ಲ. ನಿನ್ನೆ ಸಂಜೆ ಇದೇ ಹಿತ್ತಿಲಿಗೆ ಬಂದಿದ್ದ. ಬಿಳೀ ಪಂಚೆ, ಬಿಳೀ ಶರ್ಟು. ಅಡುಗೆಮನೆ ಕಿಟಕಿಯಿಂದ ನೋಡಿದೆ, ಎದೆ ಧಸಕ್ಕಂತು." ಅಂಬುಜಮ್ಮ ಮಣ್ಣಿನಲ್ಲಿ ಬಿದ್ದಿದ್ದ ಡಬ್ಬದ ಕಡೆ ಬೆರಳು ತೋರಿದರು. "ಆ ಹಸಿರು ಡಬ್ಬ ಇವನ ಕೈಗೆ ಕೊಟ್ಟು ಹೋದನಲ್ಲ, ಅವನೇ."

ಹಳೇ ನೀರನ್ನು ಒಂದು ತೊಟ್ಟೂ ಬಿಡದೆ ತೆಗೆಯಬೇಕು. ಎರಡು ಸಲ ತೊಳೆಯಬೇಕು. ಆ ನೀರಿನ ಜಾಡು ಹಿಡಿದು ಯಾರೂ ಅಂಬುಜಮ್ಮನವರೆಗೆ ಬರಬಾರದು ಎಂಬುದೇ ಅದರ ಗುಟ್ಟು ಎಂದು ವಿಷ್ಣುಮೂರ್ತಿಗೆ ಹೊಳೆಯಿತು. ಬೆಳಗಿನಿಂದ ತನ್ನ ತಲೆ ತಿಂದ ಈ ಹಾಳು ಚರ್ಚೆಯ ಒಳಗೇ ಕೇಸಿನ ಬೀಗದ ಕೈ ಇತ್ತು. ತಾನು ಅದನ್ನು ರಾಯರ ಹುಚ್ಚೆಂದು ಬಿಟ್ಟಿದ್ದ.

"ರಾಯರೇ, ಯಾರು ಕೊಟ್ಟದ್ದು? ಈಗ ಹೇಳಲೇಬೇಕು."

ಮಧ್ವರಾಜರು ತಾಯಿಯನ್ನು ನೋಡಿದರು, ಡಬ್ಬವನ್ನು ನೋಡಿದರು.

"ಏಕಾಂಬರಂ ಸಾರ್," ಎಂದರು. "ಇನ್‌ಸ್ಪೆಕ್ಟರ್. ಮೊದಲ ದಿನ ಗಾಡಿ ನೋಡ್ಲಿಕ್ಕೆ ಬಂದಾಗ ಅವರೂ ಈ ಮುಚ್ಚಳ ತೆಗೆದು ಮೂಸಿ ನೋಡಿದ್ದರು. ಗಾಡಿ ಮೇಲೆ ಅವರಿಗೆ ತುಂಬ ಆಸೆ ಅಂದ್ಕೊಂಡೆ."

ಫೋನು ಮಾಡಿ ಅವನನ್ನು ಇಲ್ಲಿಗೆ ಕರೆಸಿದವನು ತಾನೇ ಎಂಬುದು ನೆನಪಾಗುವುದಕ್ಕೂ ಗೇಟಿನಲ್ಲಿ ಜೀಪು ನಿಲ್ಲುವುದಕ್ಕೂ ಸರಿಹೋಯಿತು. ವಿಷ್ಣುಮೂರ್ತಿ ಬಾಟಲಿಯನ್ನು ಅಂಗಿಯ ಒಳಗೆ ತುರುಕಿ, ಅಂಬುಜಮ್ಮನಿಗೆ ಒಳಗೆ ಹೋಗುವಂತೆ ಕೈಸನ್ನೆ ಮಾಡಿದ. ಅವರು ಕದಲಲಿಲ್ಲ.

ಏಕಾಂಬರಂ ಒಬ್ಬನೇ ಬಂದ. ಇಂದು ಖಾಕಿಯಲ್ಲಿದ್ದ. ಬಾಗಿಲಲ್ಲಿ ನಿಂತ ಮುದುಕಿಯ ಕಡೆ ನೋಡದವನಂತೆ ನೋಡಿ, ನೇರ ಮಧ್ವರಾಜರ ಹತ್ತಿರ ಹೋಗಿ ನಗುತ್ತ ಕೇಳಿದ. "ಎನ್ನ ಮುದಲಾಳಿ, ಪಳೈಯ ತಣ್ಣಿ ಎಲ್ಲಾಂ ಎಡುತ್ತಾಚ್ಚಾ?"

ಏನು ಧಣಿ, ಹಳೆಯ ನೀರನ್ನೆಲ್ಲ ತೆಗೆದಾಯಿತೇ ಎಂಬ ಪ್ರಶ್ನೆಗೆ ಹೌದು ಎಂದಿದ್ದರೆ ಸಾಕಿತ್ತು. ವಿಷ್ಣುಮೂರ್ತಿ ಕಣ್ಣಿನಲ್ಲೇ ಬೇಡಿಕೊಂಡ. ಆದರೆ ಹೆದರಿಕೆಯಾದಾಗ ಇದ್ದದ್ದನ್ನು ಇದ್ದ ಹಾಗೆ ಒದರಿಬಿಡುವುದು ಮಧ್ವರಾಜರ ಹುಟ್ಟುಗುಣ.

"ಇಲ್ಲೆ ಸಾರ್, ಅಪ್ಪಡಿಯೇ ಇರುಕ್ಕು," ಎಂದು ನೀರು ಹಾಗೆಯೇ ಇರುವುದನ್ನು ಒಪ್ಪಿಕೊಂಡರು. ಆಮೇಲೆ ತಮಿಳು ಕೈಕೊಟ್ಟಿತು, ಕನ್ನಡಕ್ಕೇ ಇಳಿದರು. "ಅದರಲ್ಲಿ ತುಳಸಿ ಸಿಕ್ಕಿತು. ನಮ್ಮ ಅಮ್ಮ ಹಾಕಿದ್ದಂತೆ."

ಏಕಾಂಬರಂ ನುಂಗಂಬಾಕ್ಕಂ ಠಾಣೆಗೆ ಬರುವ ಮೊದಲು ಆರು ವರ್ಷ ಮಂಗಳೂರಿನಲ್ಲಿ ಕೆಲಸ ಮಾಡಿದವನು. ಅವನಿಗೆ ಒಂದಕ್ಷರವೂ ತಪ್ಪದೆ ಅರ್ಥವಾಯಿತು. ಅವನು ನಗುವನ್ನು ಮುಖದ ಮೇಲೆ ಹಾಗೆಯೇ ಉಳಿಸಿಕೊಂಡು ಹಿಂದಕ್ಕೆ ನಡೆದು ಹೋದ. ಗೇಟನ್ನು ಮುಚ್ಚಿ, ಒಳಗಿನಿಂದ ಅಗಳಿ ಹಾಕಿದ.